ಹಿರಿಯರ ತಟ್ಟೆಗೆ ತಿಳಿಸಾರು ಸಾಲದು

ಮಾನ್ಯರೇ,

ಸಕ್ಕರೆ ಕಾಯಿಲೆ, ಬಿ.ಪಿ., ಬೊಜ್ಜು ಇರುವ ಹಿರಿಯರಿಗೆ ನಮ್ಮ ದಾವಣಗೆರೆಯಲ್ಲಿ ಸಿಗುವ ಆಹಾರ ಸಲಹೆ ಬಹುಪಾಲು ‘ಬಿಡಿ’ ಎನ್ನುವುದರಲ್ಲೇ ಮುಗಿಯುತ್ತದೆ. ಅನ್ನ ಬಿಡಿ, ಸಿಹಿ ಬಿಡಿ, ಬೆಣ್ಣೆದೋಸೆ ಬಿಡಿ. ಬಿಟ್ಟ ಜಾಗಕ್ಕೆ ಏನು ಬರಬೇಕೆಂದು ಹೇಳುವವರು ಕಡಿಮೆ. ತೂಕ ಇಳಿಯಿತೆಂದು ಮನೆಯವರು ಸಮಾಧಾನಪಡುತ್ತಾರೆ. ಎಷ್ಟೋ ಸಲ ಕರಗಿರುವುದು ತೊಡೆ, ಮೀನಖಂಡದ ಸ್ನಾಯು. ಹೊಟ್ಟೆಯ ಬೊಜ್ಜು ಹಾಗೇ ಇರುತ್ತದೆ. ಊಟದ ನಂತರ ರಕ್ತದಲ್ಲಿನ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದೇ ಸ್ನಾಯು. ಅದು ಕರಗಿದಷ್ಟೂ ಸಕ್ಕರೆ ಹತೋಟಿ ಕಷ್ಟವಾಗುತ್ತದೆ, ಬೀಳುವ ಭಯವೂ ಹೆಚ್ಚುತ್ತದೆ.

ವಯಸ್ಸಾದವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಎಂಬುದು ತಜ್ಞರ ಸಲಹೆ. 60 ಕಿಲೋ ತೂಗುವವರಿಗೆ ಕನಿಷ್ಠ 60 ಗ್ರಾಂ ಆಯಿತು. ಬೆಳಿಗ್ಗೆ ಅವಲಕ್ಕಿ ಅಥವಾ ಉಪ್ಪಿಟ್ಟು, ಮಧ್ಯಾಹ್ನ ಮುದ್ದೆ ಇಲ್ಲವೇ ಎರಡು ರೊಟ್ಟಿ, ತಿಳಿಸಾರು, ಸಂಜೆ ಚಹಾದ ಜತೆ ಬಿಸ್ಕತ್ತು ಅಥವಾ ಖಾರಮಂಡಕ್ಕಿ, ರಾತ್ರಿ ಮಜ್ಜಿಗೆ ಅನ್ನ. ಇಷ್ಟರಲ್ಲಿ ಸಿಗುವುದು ಸುಮಾರು 30–35 ಗ್ರಾಂ.

ತಪ್ಪುವುದು ಮುಖ್ಯವಾಗಿ ಸಾರಿನಲ್ಲಿ. ಬೇಳೆ ಪಾತ್ರೆಯ ತಳ ಸೇರಿರುತ್ತದೆ. ಹಲ್ಲಿಲ್ಲ, ಅರಗುವುದಿಲ್ಲ ಎಂದು ಅಜ್ಜ-ಅಜ್ಜಿಗೆ ಮೇಲಿನ ತಿಳಿಯನ್ನೇ ಬಡಿಸುತ್ತೇವೆ. ಅದರಲ್ಲಿ ಹುಳಿ, ಖಾರ, ಉಪ್ಪು ಇರುತ್ತದೆ. ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಒಬ್ಬರಿಗೆ ಒಂದು ಹೊತ್ತಿಗೆ 30–35 ಗ್ರಾಂ ತೊಗರಿ ಅಥವಾ ಹೆಸರುಬೇಳೆ ಲೆಕ್ಕ ಹಾಕಿ, ಮೆತ್ತಗೆ ಬೇಯಿಸಿ, ಕಡೆದು ಗಟ್ಟಿ ತೊವ್ವೆಯಾಗಿ ಬಡಿಸಿದರೆ ಏಳು ಗ್ರಾಂನಷ್ಟು ಸಿಗುತ್ತದೆ. ಮಡಿಕೆಕಾಳು, ಅಲಸಂದೆ, ಹುರುಳಿಯನ್ನು ಎಂಟು-ಹತ್ತು ಗಂಟೆ ನೆನೆಸಿ, ಕುಕ್ಕರಿನಲ್ಲಿ ಬೆರಳಿಗೆ ಹಿಸುಕುವಷ್ಟು ಬೇಯಿಸಿ ಸೌಟಿನಲ್ಲಿ ಮಸೆದರೆ ಹಲ್ಲಿಲ್ಲದವರೂ ತಿನ್ನಬಹುದು. ಉಬ್ಬರವಾಗುವವರು ಎರಡು ಚಮಚದಿಂದ ಶುರುಮಾಡಿ ವಾರಕ್ಕಿಷ್ಟು ಹೆಚ್ಚಿಸಲಿ. ದಿನಕ್ಕೆ ಬೇಳೆಕಾಳು 75 ಗ್ರಾಂ, ಹಾಲು-ಮೊಸರು 400 ಮಿ.ಲೀ., ಶೇಂಗಾ 25 ಗ್ರಾಂ (ನುಣ್ಣಗೆ ಕುಟ್ಟಿ ಮೊಸರಲ್ಲಿ ಕಲಸಬಹುದು), ಧಾನ್ಯ 180 ಗ್ರಾಂ, ಜತೆಗೆ ತರಕಾರಿ; ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆ. ಇಷ್ಟಾದರೆ 60 ಗ್ರಾಂ ಆಸುಪಾಸು ಸಿಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಹೊಂದದು, ಅವರ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಬಿ.ಪಿ.ಗೆಂದು ಮಾರುವ ‘ಕಡಿಮೆ ಸೋಡಿಯಂ’ ಉಪ್ಪನ್ನೂ ಅವರು ತಾವಾಗಿ ತರಬಾರದು. ಅದರಲ್ಲಿರುವ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತ ಕೆಡಿಸಬಲ್ಲದು.

ಮುದ್ದೆಯ ಬಗ್ಗೆ ಒಂದು ಮಾತು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ನಾರು ಇದೆ, ಮೂಳೆಗೆ ಒಳ್ಳೆಯದು. ಆದರೆ ‘ಮುದ್ದೆಗೆ ಸಕ್ಕರೆ ಏರದು’ ಎಂಬ ನಂಬಿಕೆ ತಪ್ಪು. 80 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ಸುಮಾರು 50 ಗ್ರಾಂ ಪಿಷ್ಟ ಇರುತ್ತದೆ. ನುಣ್ಣನೆಯ ಹಿಟ್ಟಿನ ಗಂಜಿ ಇನ್ನೂ ಬೇಗ ಏರಿಸುತ್ತದೆ. ಮೊದಲು ಪಲ್ಯ, ತೊವ್ವೆ ತಿಂದು ಆಮೇಲೆ ಮುದ್ದೆ ಅಥವಾ ಅನ್ನ ತಿಂದರೆ ಏರಿಕೆ ತಗ್ಗುತ್ತದೆ.

ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಜೀವಸತ್ವದ ಹೀರಿಕೆ ಕುಗ್ಗುತ್ತದೆ. ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ, ಕಾಳು-ಸೊಪ್ಪಿನಿಂದಲ್ಲ. ಹಾಲನ್ನು ಚಹಾಕ್ಕಷ್ಟೇ ಬಳಸುವ ಸಸ್ಯಾಹಾರಿ ಮನೆಗಳಲ್ಲಿ ಕೊರತೆ ಬೇಗ ಬರುತ್ತದೆ. ಪಾದ ಜುಮುಗುಟ್ಟಿದರೆ, ಉರಿದರೆ ‘ಶುಗರ್‌ನಿಂದ’ ಎಂದು ಸುಮ್ಮನಾಗದೆ ಬಿ12 ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಊಟದ ಬೆನ್ನಲ್ಲೇ ಚಹಾ ಬೇಡ, ಕಬ್ಬಿಣಾಂಶದ ಹೀರಿಕೆಗೆ ಅಡ್ಡಿ. ಒಂದು ಗಂಟೆ ಬಿಡಿ.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಮ ಚಹಾಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯದೂ ಇದರಲ್ಲೇ ಸೇರಬೇಕು. ಭಟ್ಟಿಯಲ್ಲಿ ಉಪ್ಪುನೀರು ಕುಡಿದ ಅಕ್ಕಿಯಿಂದಲೇ ಮಂಡಕ್ಕಿ ಅರಳುವುದರಿಂದ ಅದರ ಲೆಕ್ಕವನ್ನೂ ಹಿಡಿಯಬೇಕು.

ಅತ್ಯಂತ ಅಪಾಯದ್ದು ಮಾತ್ರೆ ನುಂಗಿ ಊಟ ಬಿಡುವುದು. ಸೋಮವಾರದ ಒಪ್ಪೊತ್ತು, ಶಿವರಾತ್ರಿ ಉಪವಾಸದಂದು ಗ್ಲಿಮೆಪಿರೈಡ್ (ಸಕ್ಕರೆ ಇಳಿಸುವ ಮಾತ್ರೆ) ಅಥವಾ ಇನ್ಸುಲಿನ್ ಎಂದಿನಂತೆ ತೆಗೆದುಕೊಂಡರೆ ರಕ್ತದ ಸಕ್ಕರೆ 70 ಮಿ.ಗ್ರಾಂ/ಡೆ.ಲೀ.ಗಿಂತ ಕೆಳಗಿಳಿಯಬಹುದು. ಬೆವರು, ನಡುಕ ಬರುತ್ತದೆ. ತಡವರಿಸುವ ಮಾತನ್ನು ‘ವಯಸ್ಸಾಯ್ತು’ ಎಂದು ತಳ್ಳಿಹಾಕುತ್ತಾರೆ. ಕೂಡಲೇ ಮೂರು ಚಹಾಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಿ. ಉಪವಾಸಕ್ಕೆ ಮೊದಲೇ ಮಾತ್ರೆಯ ಪ್ರಮಾಣ ಕೇಳಿಕೊಳ್ಳಬೇಕು.

2024ರ ಅಕ್ಟೋಬರ್‌ನಲ್ಲಿ ಆರಂಭವಾದ ರಾಜ್ಯದ ‘ಗೃಹ ಆರೋಗ್ಯ’ ಯೋಜನೆಯಡಿ ಸಿಬ್ಬಂದಿ ಮನೆಗೇ ಬಂದು ಬಿ.ಪಿ., ಸಕ್ಕರೆ ನೋಡುತ್ತಾರೆ. ಅದೇ ಭೇಟಿಯಲ್ಲಿ ಅಳತೆ ಟೇಪಿನಿಂದ ಮೀನಖಂಡದ ಸುತ್ತಳತೆ ನೋಡಲಿ: ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸ್ನಾಯು ಕರಗಿರುವ ಶಂಕೆ. ಕೈಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬಲ ಕುಗ್ಗಿದೆ ಎಂದರ್ಥ. ನಿನ್ನೆ ಬೇಳೆ ಎಷ್ಟು, ಹಾಲು ಎಷ್ಟು ಎಂದೂ ಕೇಳಿ, ಸಕ್ಕರೆಯ ಅಂಕಿಯ ಪಕ್ಕದಲ್ಲೇ ಬರೆದಿಡಲಿ. ಜಿಲ್ಲಾ ಆರೋಗ್ಯ ಇಲಾಖೆ ಇದಕ್ಕೆ ಸೂಚನೆ ಹೊರಡಿಸಬೇಕೆಂದು ಕೋರುತ್ತೇವೆ.

– ಪಥ್ಯಾಹಾರ ತಜ್ಞರು, ದಾವಣಗೆರೆ