ಈ ವಾರದಿಂದ: ಯುದ್ಧಗಳು ಶುರುವಾಗಿದ್ದು ಹೇಗೆ?

ಗೆಳೆಯರೇ, ಟ್ಯಾಂಕು, ವಿಮಾನಗಳ ವಿಡಿಯೋ ಗುಂಪಿನಲ್ಲಿ ಜಾಸ್ತಿ ಆಗಿವೆ. ಇನ್ನು ಮುಂದೆ ಯುದ್ಧದ ಕಾರಣಗಳನ್ನು ಓದೋಣ.

ಮೊದಲು 1914, ಅಂದರೆ ಮೊದಲನೇ ಮಹಾಯುದ್ಧ. ಜೂನ್ 28ರಂದು ಬೋಸ್ನಿಯಾದ ಸರಾಯೆವೊ ನಗರದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾಯಿತು. ಸರಿಯಾಗಿ ಒಂದು ತಿಂಗಳಿಗೆ ಆಸ್ಟ್ರಿಯಾ-ಹಂಗೇರಿಯು ಸರ್ಬಿಯಾ ಮೇಲೆ ಯುದ್ಧ ಸಾರಿತು. ಆಗಸ್ಟ್ 4ರ ಹೊತ್ತಿಗೆ ರಷ್ಯಾ, ಜರ್ಮನಿ, ಫ್ರಾನ್ಸ್, ಬ್ರಿಟನ್ ಎಲ್ಲವೂ ಕಣಕ್ಕೆ ಇಳಿದಿದ್ದವು. ಒಂದು ಕೊಲೆಯಿಂದಲೇ ಸುಮ್ನೆ ಇಷ್ಟೆಲ್ಲ ಆಗುವುದಿಲ್ಲ. ಹಿಂದೆ ಮೈತ್ರಿ ಒಪ್ಪಂದಗಳಿದ್ದವು. ಸೈನ್ಯ ಸಾಗಿಸಲು ಮೊದಲೇ ಬರೆದಿಟ್ಟ ರೈಲು ವೇಳಾಪಟ್ಟಿಗಳಿದ್ದವು. ‘ನಾವು ತಡಮಾಡಿದರೆ ಅವರು ಮುಂದಾಗುತ್ತಾರೆ’ ಎಂಬ ಭಯವಿತ್ತು. ನನಗೆ ಈ ಭಯವೇ ಎಲ್ಲಕ್ಕಿಂತ ದೊಡ್ಡ ಕಾರಣ ಅನಿಸುತ್ತದೆ. ನಿಂತು ಯೋಚಿಸಲು ಅದು ಯಾರಿಗೂ ಬಿಡುವು ಕೊಡಲಿಲ್ಲ.

ಇದನ್ನು ಓದಿ ಏನು ಪ್ರಯೋಜನ ಅಂತ ಕೆಲವರು ಕೇಳಿದ್ದೀರಿ. 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು ನೋಡಿ. ಆಗ ಸೋವಿಯತ್ ಒಕ್ಕೂಟ ಅಮೆರಿಕದ ಪಕ್ಕದ ಕ್ಯೂಬಾದಲ್ಲಿ ಅಣು ಕ್ಷಿಪಣಿಗಳನ್ನು ಇಟ್ಟಿತ್ತು. ಅಮೆರಿಕದ ಅಧ್ಯಕ್ಷ ಕೆನಡಿ 1914ರ ಬಗ್ಗೆ ಓದಿಕೊಂಡಿದ್ದರು. ತಕ್ಷಣ ಬಾಂಬ್ ಹಾಕಿ ಎಂಬ ಸಲಹೆ ಬಂದರೂ ಅವರು ಸಮುದ್ರದಲ್ಲಿ ತಡೆ ಹಾಕಿದರು. ಸೋವಿಯತ್ ನಾಯಕ ಕ್ರುಶ್ಚೇವ್‌ಗೆ ಹಿಂದೆ ಸರಿಯಲು ದಾರಿ ಬಿಟ್ಟರು. ಆ ಓದು ಕೆಲಸಕ್ಕೆ ಬಂತು, ಅಲ್ವಾ?

ಯುದ್ಧ ಮುಗಿಸಿದ ರೀತಿಯೂ ಮುಖ್ಯ. ಮೊದಲನೇ ಮಹಾಯುದ್ಧದ ನಂತರದ 1919ರ ವರ್ಸೇಲ್ಸ್ ಒಪ್ಪಂದ ಜರ್ಮನಿಯಲ್ಲಿ ಕಹಿ ಉಳಿಸಿತು. ಆದರೆ ಎರಡನೇ ಮಹಾಯುದ್ಧದ ನಂತರ, 1951ರಲ್ಲಿ, ಫ್ರಾನ್ಸ್, ಪಶ್ಚಿಮ ಜರ್ಮನಿ ಸೇರಿ ಆರು ದೇಶಗಳು ಯುದ್ಧಕ್ಕೆ ಬೇಕಾಗುವ ಕಲ್ಲಿದ್ದಲು, ಉಕ್ಕನ್ನು ಜಂಟಿ ಆಡಳಿತಕ್ಕೆ ತರಲು ಒಪ್ಪಿದವು.

ಒಂದು ವಿನಂತಿ. ಏನೇ ಹಂಚಿದರೂ ಇಸವಿ, ಮೂಲ ಬರೆಯಿರಿ. ಒಂದು ಇಡೀ ಜನಾಂಗವನ್ನು ಬೈಯುವ ಸಂದೇಶ ದಯವಿಟ್ಟು ಬೇಡ. ಭಾನುವಾರ ಸಂಜೆ 1914ರಿಂದ ಶುರು ಮಾಡೋಣ. ಪ್ರಶ್ನೆಗಳಿದ್ದರೆ ಈಗಲೇ ಕಳಿಸಿ.