ಸಹಿ ಹಾಕುವ ಮುಂಚೆ ಇದನ್ನೊಮ್ಮೆ ಓದು

ಚಿರಂಜೀವಿ ಅಳಿಯನಿಗೆ ಮಾವ ಮಾಡುವ ಆಶೀರ್ವಾದಗಳು.

ನಿಮ್ಮಮ್ಮ ಫೋನ್ ಮಾಡಿ ಎಲ್ಲ ಹೇಳಿದಳು. ತೋರುಬೆರಳಿನ ತುದಿ ಫ್ಯಾಕ್ಟರಿಯ ಪವರ್ ಪ್ರೆಸ್ ಮೆಷಿನ್ನಿಗೆ ಸಿಕ್ಕಿ ಹೋಯಿತು ಅಂತ ಕೇಳಿ ಕರುಳು ಕಿವುಚಿದಂತಾಯಿತು. ಆದರೆ ಈ ಪತ್ರ ಬರೆಯುತ್ತಿರುವುದು ಅವಳು ಕೊನೆಗೆ ಹೇಳಿದ ಮಾತಿಗಾಗಿ. 'ಮನೆ ಬಾಗಿಲಿಗೆ ಸಿಕ್ಕಿತು ಅಂತ ಆಸ್ಪತ್ರೆಯಲ್ಲಿ ಬರೆಸು, ಖರ್ಚು ನಾವೇ ನೋಡ್ಕೋತೀವಿ' ಅಂತ ಸೂಪರ್‌ವೈಸರ್ ಹೇಳಿದರಂತೆ. ನೀನು ಹೂಂ ಅಂದೆಯಂತೆ.

ಬೇಡ ಕಣೋ. ಪೊಲೀಸರು, ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬಂದು ಕೇಳುತ್ತಾರೆ ಎನ್ನುವ ಭಯ ಅವರದು. ಆಸ್ಪತ್ರೆಯ ಮೊದಲ ಚೀಟಿಯಲ್ಲಿ 'ಮನೆಯಲ್ಲಿ ಆದ ಗಾಯ' ಅಂತ ಬಿದ್ದರೆ, ಮುಂದೆ ಎಷ್ಟೇ ಅರ್ಜಿ ಹಾಕಿದರೂ ಅದನ್ನೇ ಎದುರಿಗಿಟ್ಟು ಪ್ರಶ್ನೆ ಮಾಡುತ್ತಾರೆ. ಜಾಸ್ತಿ ಜನ ಸೋಲುವುದು ಇಲ್ಲೇ. ಈಗಾಗಲೇ ಹಾಗೆ ಬರೆಸಿದ್ದರೆ ನಾಳೆಯೇ ಹೋಗಿ ಡಾಕ್ಟರಿಗೆ ನಿಜ ಹೇಳು. ಯಾವ ಮೆಷಿನ್, ಯಾವ ಶಿಫ್ಟ್, ಎಷ್ಟು ಗಂಟೆಗೆ ಅಂತ ದಾಖಲು ಮಾಡಲು ಕೇಳು. ಎಂಎಲ್‌ಸಿ, ಅಂದರೆ ಇಂಥ ಗಾಯವನ್ನು ಪೊಲೀಸರಿಗೆ ತಿಳಿಸುವ ಆಸ್ಪತ್ರೆಯ ದಾಖಲೆ, ಆಗಿದೆಯಾ ವಿಚಾರಿಸು. ಕಂಪನಿಯ ಅಪಘಾತದ ಪುಸ್ತಕದಲ್ಲಿ ನಮೂದಾಗಲಿ. ಅವರು ಬರೆಯದಿದ್ದರೆ ನೀನೇ ಒಂದು ಕಾಗದ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸು, ರಸೀದಿ ಇಟ್ಟುಕೋ. ಪಕ್ಕದ ಮೆಷಿನ್ನಿನಲ್ಲಿದ್ದ ಹುಡುಗರ ಹೆಸರೂ ಅದರಲ್ಲಿರಲಿ. ಅವರು ಕೆಲಸ ಬಿಟ್ಟು ಊರಿಗೆ ಹೋದರೆ ಆಮೇಲೆ ಸಾಕ್ಷಿ ಹೇಳೋರು ಸಿಗುವುದಿಲ್ಲ.

ನಿನ್ನ ತಿಂಗಳ ಸಂಬಳ 21,000 ರೂಪಾಯಿಗಿಂತ ಕಮ್ಮಿ, ಅಲ್ಲಿ ಹತ್ತಕ್ಕಿಂತ ಜಾಸ್ತಿ ಜನ ಇದ್ದೀರಿ. ಅಂದಮೇಲೆ ನೀನು ಇಎಸ್‌ಐಗೆ, ಅಂದರೆ ಸರ್ಕಾರದ ಕಾರ್ಮಿಕರ ವಿಮೆಗೆ, ಸೇರಿದವನು. 'ನಿನ್ನ ಹೆಸರು ಇನ್ನೂ ಸೇರಿಸಿಲ್ಲ' ಅಂದರೆ ನಂಬಿ ಸುಮ್ನೆ ಕೂರಬೇಡ. ಸೇರಿಸದಿದ್ದದ್ದು ಮಾಲೀಕರ ತಪ್ಪು. ಇಎಸ್‌ಐ ನಿನಗೆ ಬರಬೇಕಾದ ಹಣ ಕೊಟ್ಟು, ಅದನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಕೆಲಸದಲ್ಲಾದ ಗಾಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕು ಎನ್ನುವ ನಿಯಮವೂ ಇಲ್ಲ. ಪೇ ಸ್ಲಿಪ್, ಹಾಜರಿ ಕಾರ್ಡು, ಬ್ಯಾಂಕಿನ ಎಂಟ್ರಿ, ಏನಿದೆಯೋ ಎಲ್ಲ ಹುಡುಕಿ ತೆಗೆ. ಇಎಸ್‌ಐ ಡಾಕ್ಟರ್ ಕೊಟ್ಟ ರಜೆಯ ಸರ್ಟಿಫಿಕೇಟಿನ ಮೇಲೆ ಸುಮಾರು ನೂರಕ್ಕೆ 90ರಷ್ಟು ಕೂಲಿ ಬರುತ್ತದೆ. ಆ ದಿನಗಳಲ್ಲಿ 'ಸುಮ್ನೆ ಬಂದು ಕೂತ್ಕೋ' ಅಂತ ಕರೆದರೂ ಹೋಗಬೇಡ. ಕೆಲಸ ಮಾಡಿ ಕೂಲಿ ತೆಗೆದುಕೊಂಡ ದಿನಕ್ಕೆ ಆ ಹಣ ಸಿಗದು. ಆ ರಜೆಯಲ್ಲಿರುವವನನ್ನು ಕೆಲಸದಿಂದ ತೆಗೆಯುವಂತೆಯೂ ಇಲ್ಲ, ಹೆದರಬೇಡ.

ಬೆರಳಿನ ಲೆಕ್ಕ ಸರಿಯಾಗಿ ತಿಳಿದುಕೋ. ಕಾನೂನಿನ ಪಟ್ಟಿಯಲ್ಲಿ ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿ ನೂರಕ್ಕೆ 14ರಷ್ಟು ಹೋಯಿತು ಅಂತ ಲೆಕ್ಕ. ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣಿಗೆ 9. ಮೂಳೆ ಉಳಿದು ತುದಿ ಮಾತ್ರ ಹೋಗಿದ್ದರೆ 5. ಒಂದು ಚೂರು ಮೂಳೆಗೆ ಎಷ್ಟು ವ್ಯತ್ಯಾಸ ನೋಡು. ಅದಕ್ಕೇ ಮೊದಲ ದಿನದ ಎಕ್ಸ್-ರೇ ನಿನ್ನ ಕೈಯಲ್ಲೇ ಇರಬೇಕು. ಗಾಯ ಮಾಗಿದ ಮೇಲೆ ಮೆಡಿಕಲ್ ಬೋರ್ಡ್ ಮುಂದೆ ಹೋಗುವುದನ್ನು ತಪ್ಪಿಸಬೇಡ. ಕೈ ಸರಿಹೋಯಿತಲ್ಲ ಅಂತ ಬಿಟ್ಟುಬಿಡೋರೇ ಹೆಚ್ಚು. ತಿಂಗಳು ತಿಂಗಳು ಬರುವ ಹಣ ತೀರ್ಮಾನವಾಗುವುದು ಅಲ್ಲಿಯೇ. ಬೋರ್ಡ್ ಕಮ್ಮಿ ಬರೆದರೆ ಮೇಲ್ಮನವಿಗೂ ದಾರಿ ಇದೆ.

'ಗಾರ್ಡ್ ಹಾಕದೆ ಓಡಿಸಿದ್ದು ನೀನೇ' ಅಂತ, ಅಂದರೆ ಮೆಷಿನ್ನಿಗೆ ಕೈ ಸಿಗದಂತೆ ತಡೆಯುವ ಕವಚ ಹಾಕಲಿಲ್ಲ ಅಂತ, ಕಂಪನಿಯವರು ಈಗ ಬೈಯುತ್ತಿದ್ದಾರಂತೆ. ಪ್ರೊಡಕ್ಷನ್ ಬೇಕು ಅಂತ ಗಾರ್ಡ್ ತೆಗೆಸಿದ್ದು ಯಾರು? ಅಜಾಗರೂಕತೆಯೊಂದರಿಂದಲೇ ನಿನ್ನ ಹಕ್ಕು ಹೋಗುವುದಿಲ್ಲ. ತಪ್ಪೊಪ್ಪಿಗೆಯ ಕಾಗದಕ್ಕೆ ಸಹಿ ಮಾತ್ರ ಹಾಕಬೇಡ. ಖಾಲಿ ಹಾಳೆಗಂತೂ ಬೇಡವೇ ಬೇಡ. ಒಂದಿಷ್ಟು ದುಡ್ಡು ಕೈಗಿಟ್ಟು 'ಇನ್ನು ಯಾವ ಬಾಕಿಯೂ ಇಲ್ಲ' ಅಂತ ಬರೆಸಿಕೊಳ್ಳಲು ನೋಡುತ್ತಾರೆ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಕಾನೂನಿನ ಮುಂದೆ ನಿಲ್ಲುವುದಿಲ್ಲ, ನಿಜ. ಆದರೂ ಅದನ್ನು ಸಾಬೀತು ಮಾಡಲು ಅಲೆಯುವವನು ನೀನೇ ಆಗುತ್ತೀಯ.

ನಿನ್ನ ರೂಮಿನ ಹುಡುಗನಿಗೂ ಒಂದು ಮಾತು ಹೇಳು. ಇಎಸ್‌ಐ ಇಲ್ಲದ ಕಡೆ ಗಾಯವಾದರೆ ಮಾಲೀಕರಿಂದಲೇ ಪರಿಹಾರ ಕೇಳಬೇಕು. ಆ ನಿಯಮ ಮೊದಲು 1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲಿದ್ದದ್ದು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಕಂಟ್ರಾಕ್ಟರ್ ಕೈಕೊಟ್ಟರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಹೊಣೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಲಿ.

ಇವತ್ತು ರಾತ್ರಿಯೇ ಎಲ್ಲ ಚೀಟಿಗಳ ಫೋಟೊ ತೆಗೆದು ನನ್ನ ವಾಟ್ಸಾಪಿಗೆ ಹಾಕು. ಕಂಪನಿಗೆ ಕಳಿಸುವ ಕಾಗದದ ಕರಡು ನಾನು ಬರೆದಿಡುತ್ತೇನೆ. ಭಾನುವಾರ ಬರುತ್ತೇನೆ, ಸೋಮವಾರ ಇಬ್ಬರೂ ಸೇರಿ ಇಎಸ್‌ಐ ಶಾಖಾ ಕಚೇರಿಗೆ ಹೋಗೋಣ.

ಇಂತಿ,
ನಿನ್ನ ಮಾವ