ಮೀಸಲು ಸೀಟಿನವರೆಗಿನ ದಾರಿಖರ್ಚಿಗೆ ದೇಣಿಗೆ ಕೋರಿ

ಮಾನ್ಯ ದಾನಿಗಳಲ್ಲಿ ವಿನಂತಿ,

ಐಐಎಂಗಳ (ಕೇಂದ್ರದ ಭಾರತೀಯ ನಿರ್ವಹಣಾ ಸಂಸ್ಥೆಗಳ) ಎಂಬಿಎ ಸೀಟುಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 7.5, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗಗಳಿಗೆ ಶೇ. 27 ಮೀಸಲಿದೆ. ಆದರೂ ಮೂಡಿಗೆರೆಯ ತೋಟದ ಕೂಲಿಕಾರರ ಲೈನ್ ಮನೆಯಿಂದಲೋ ಕಡೂರಿನ ಬಯಲಿನಿಂದಲೋ ಚಿಕ್ಕಮಗಳೂರಿಗೆ ಬಂದು ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಓದುವ ಮಕ್ಕಳು ಆ ಸೀಟಿನ ಹತ್ತಿರಕ್ಕೂ ಹೋಗುತ್ತಿಲ್ಲ. ತಡೆಯುವುದು ಹೆಚ್ಚಾಗಿ ಚಿಕ್ಕ ಸಂಗತಿಗಳೇ: ಒಂದು ಪ್ರಮಾಣಪತ್ರ, ನಲವತ್ತು ನಿಮಿಷದ ಇಂಗ್ಲಿಷ್, ಸಮಯಕ್ಕೆ ಕಟ್ಟಲಾಗದ ಶುಲ್ಕದ ಮೊದಲ ಕಂತು. ನಮ್ಮ ಟ್ರಸ್ಟ್ ಕೇಳುತ್ತಿರುವ ಹಣ ಈ ಮೂರಕ್ಕೆ.

ಐಐಎಂ ಪ್ರವೇಶಕ್ಕೆ ಬರೆಯಬೇಕಾದ ಕ್ಯಾಟ್ ಪರೀಕ್ಷೆಯ ಅರ್ಜಿ ಆಗಸ್ಟ್‌ನಲ್ಲಿ ತೆರೆದು ಸೆಪ್ಟೆಂಬರ್‌ನಲ್ಲಿ ಮುಚ್ಚುತ್ತದೆ. ರಾಜ್ಯದ 2ಎ, 3ಎ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಜಾತಿಯ ಹೆಸರು ಕೇಂದ್ರದ ಒಬಿಸಿ (ಹಿಂದುಳಿದ ವರ್ಗಗಳ) ಪಟ್ಟಿಯಲ್ಲಿರಬೇಕು, ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಇರಬೇಕು. ಇದು ಗೊತ್ತಾಗುವುದು ಕೊನೆಯ ವಾರದಲ್ಲಿ. ಆಗ ನಾಡಕಚೇರಿಗೆ ಓಡಿದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಇನಿಷಿಯಲ್ಲಿಗೂ ಆಧಾರ್‌ಗೂ ತಾಳೆಯಾಗದೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಬೇರೆ ದಾರಿ ಕಾಣದೆ ಸಾಮಾನ್ಯ ವರ್ಗ ಎಂದು ತುಂಬಿದವರಿಗೆ ಆಮೇಲೆ ವರ್ಗ ಬದಲಿಸಲು ಆಗದು. ಹೀಗಾಗಿ ಈ ಕೆಲಸವನ್ನು ಜೂನ್‌ನಲ್ಲೇ ಮುಗಿಸಬೇಕು. ಪ್ರತಿ ವಿದ್ಯಾರ್ಥಿಯ ಜೊತೆ ಒಬ್ಬರು ಕಚೇರಿಗೆ ಹೋಗಿ ಬರಬೇಕು. ಪರೀಕ್ಷಾ ಶುಲ್ಕದ್ದೂ ಒಂದು ಮಾತು: 2025ರಲ್ಲಿ ಪರಿಶಿಷ್ಟರಿಗೆ 1,300 ರೂಪಾಯಿ ಇತ್ತು, ಹಿಂದುಳಿದ ವರ್ಗದವರು ಪೂರ್ತಿ 2,600 ಕಟ್ಟಬೇಕಾಯಿತು.

ಹೆಚ್ಚು ಶ್ರಮ ಬೇಡುವುದು ಇಂಗ್ಲಿಷ್. ಪರೀಕ್ಷೆ ಎರಡು ಗಂಟೆಯದು, ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಗಣಿತದಲ್ಲಿ ಉಳಿಸಿದ ಸಮಯವನ್ನು ಇಂಗ್ಲಿಷಿಗೆ ಬಳಸುವಂತಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ಲೆಕ್ಕದಲ್ಲಿ ಚೆನ್ನಾಗಿಯೇ ಮಾಡುತ್ತಾರೆ. ಆದರೆ ಐಐಎಂಗಳು ಒಟ್ಟು ಪರ್ಸೆಂಟೈಲ್ (ಬರೆದವರಲ್ಲಿ ಶೇಕಡಾ ಎಷ್ಟು ಮಂದಿಗಿಂತ ಮುಂದಿದ್ದಾರೆ ಎಂಬ ಅಳತೆ) ಜೊತೆಗೆ ಪ್ರತಿ ಭಾಗದ್ದನ್ನೂ ಬೇರೆ ಬೇರೆ ನೋಡುವುದರಿಂದ ಇಂಗ್ಲಿಷ್ ಒಂದರಲ್ಲೇ ಹೊರಗುಳಿಯುತ್ತಾರೆ. ಆ ಭಾಗದಲ್ಲಿ ಬಹುಪಾಲು ಪ್ರಶ್ನೆ ಉದ್ದನೆಯ ಗದ್ಯ ಓದಿ ಉತ್ತರಿಸುವಂಥವು. ಮೂರು ತಿಂಗಳ ಕ್ರ್ಯಾಶ್ ಕೋರ್ಸ್‌ನಿಂದ ಓದುವ ವೇಗ ಬರುವುದಿಲ್ಲ. ಅದಕ್ಕೇ ತರಗತಿ ಫೆಬ್ರವರಿಯಿಂದ. ಮೊದಲ ಮೂರು ತಿಂಗಳು ಗಡಿಯಾರ ನೋಡದೆ ದಿನಕ್ಕೊಂದು ಸಂಪಾದಕೀಯ, ಎರಡು ಗದ್ಯಭಾಗ. ಆಮೇಲಷ್ಟೇ ಸಮಯ ಹಿಡಿದು ಅಭ್ಯಾಸ. ಬಹು ಆಯ್ಕೆಯ ಪ್ರಶ್ನೆಗೆ ಸರಿಯುತ್ತರಕ್ಕೆ 3 ಅಂಕ, ತಪ್ಪಿಗೆ 1 ಅಂಕ ಕಡಿತ. ಎಲ್ಲಕ್ಕೂ ಗುರುತು ಹಾಕಿ ಬರುವ ಅಭ್ಯಾಸವನ್ನೂ ಬಿಡಿಸಬೇಕಾಗುತ್ತದೆ.

ಅಣಕು ಪರೀಕ್ಷೆ ಕಂಪ್ಯೂಟರಿನಲ್ಲೇ ಆಗಬೇಕು. ಜುಲೈ-ಆಗಸ್ಟ್‌ನ ಮಳೆಯಲ್ಲಿ ಕಳಸ, ಮೂಡಿಗೆರೆ ಕಡೆ ಕರೆಂಟೂ ನೆಟ್‌ವರ್ಕೂ ನೆಚ್ಚುವಂತಿಲ್ಲ. ಪೇಟೆಯಲ್ಲಿ ಯುಪಿಎಸ್ ಇರುವ ಕೊಠಡಿಗೇ ಮಕ್ಕಳನ್ನು ಕರೆತರಬೇಕು, ಮಧ್ಯಾಹ್ನದ ಊಟ ಕೊಡಬೇಕು.

ಇನ್ನು ಮೊದಲ ಕಂತು. ಸೀಟು ಸಿಕ್ಕಿದ ಕೆಲವೇ ದಿನಗಳಲ್ಲಿ ಅದನ್ನು ಕಟ್ಟದಿದ್ದರೆ ಸೀಟು ಮುಂದಿನವರ ಪಾಲು. ಕೇಂದ್ರದ ಶಿಕ್ಷಣ ಸಾಲ ಯೋಜನೆಯಾದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ, ಆದರೆ ಮಂಜೂರಾಗಲು ಸಮಯ ಹಿಡಿಯುತ್ತದೆ. ಪರಿಶಿಷ್ಟ ಜಾತಿಯವರಿಗಿರುವ ಕೇಂದ್ರದ ಟಾಪ್ ಕ್ಲಾಸ್ ವಿದ್ಯಾರ್ಥಿವೇತನ ಬರುವುದೂ ಸೇರಿದ ಮೇಲೆಯೇ. ಈ ನಡುವಿನ ವಾರಗಳಿಗೆ ಒಂದು ಆವರ್ತ ನಿಧಿ ಬೇಕು. ನಾವು ಹಣವನ್ನು ನೇರವಾಗಿ ಸಂಸ್ಥೆಗೇ ಕಟ್ಟುತ್ತೇವೆ. ಕಟ್ಟಿದ ರಸೀದಿ ತೋರಿಸಿ ಆ ಮೊತ್ತವನ್ನೂ ಸಾಲದಲ್ಲಿ ಸೇರಿಸುವಂತೆ ವಿದ್ಯಾರ್ಥಿ ಮೊದಲೇ ಬ್ಯಾಂಕಿನಲ್ಲಿ ಕೇಳಿಕೊಳ್ಳಬೇಕು. ಸಾಲ ಬಂದಾಗ ಹಣ ನಿಧಿಗೆ ಮರಳಿ, ಮುಂದಿನ ವರ್ಷ ಇನ್ನೊಬ್ಬರಿಗೆ ಒದಗುತ್ತದೆ.

ಲೆಕ್ಕ ಹೀಗಿದೆ. ಒಬ್ಬ ವಿದ್ಯಾರ್ಥಿಗೆ ಪರೀಕ್ಷಾ ಶುಲ್ಕಗಳು 4,000 (ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿಯೂ ಸೇರಿ), ಪುಸ್ತಕ ಮತ್ತು ಅಣಕು ಪರೀಕ್ಷೆ 5,500, ನಲವತ್ತು ಭಾನುವಾರದ ಬಸ್ಸು-ಊಟ 6,000. ಒಟ್ಟು 15,500 ರೂಪಾಯಿ. 24 ಮಂದಿಗೆ 3,72,000. ಆವರ್ತ ನಿಧಿಗೆ 6,00,000. ಎರಡೂ ಸೇರಿ 9,72,000 ರೂಪಾಯಿ. ಪೂರ್ತಿ ಒಬ್ಬರ ಖರ್ಚು ವಹಿಸಿಕೊಳ್ಳಬಹುದು. ಒಂದು ಭಾನುವಾರದ 150 ರೂಪಾಯಿ ಕೊಟ್ಟರೂ ಅಷ್ಟೇ ಆದರದಿಂದ ಸ್ವೀಕರಿಸುತ್ತೇವೆ. ಬ್ಯಾಟರಿ ಚೆನ್ನಾಗಿರುವ ಹಳೆಯ ಲ್ಯಾಪ್‌ಟಾಪ್ ಬಹಳ ಉಪಯೋಗಕ್ಕೆ ಬರುತ್ತದೆ. ನಿವೃತ್ತ ಬ್ಯಾಂಕ್ ಅಧಿಕಾರಿಗಳು ಫೆಬ್ರವರಿ, ಮಾರ್ಚ್‌ನಲ್ಲಿ ಪರೀಕ್ಷೆ ದಾಟಿದವರ ಅಣಕು ಸಂದರ್ಶನಕ್ಕೆ ಎರಡು ಗಂಟೆ ಕೂತರೆ ಅದು ಹಣಕ್ಕಿಂತ ದೊಡ್ಡ ದೇಣಿಗೆ.

ದೇಣಿಗೆಯ ಮೇಲಿನ ಆದಾಯ ತೆರಿಗೆ ವಿನಾಯಿತಿ (80ಜಿ) ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. 2,000 ರೂಪಾಯಿ ಮೀರಿದ ನಗದಿಗೆ ಅದು ಸಿಗದು. ಆದ್ದರಿಂದ ಚೆಕ್ ಅಥವಾ ಯುಪಿಐ ಮೂಲಕ ಕಳಿಸಿ, ಪ್ಯಾನ್ ಸಂಖ್ಯೆ ತಿಳಿಸಿ. ಜನವರಿ 20ರೊಳಗೆ ಹಣ ತಲುಪಿದರೆ 24 ಮಂದಿಯ ಪುಸ್ತಕಗಳನ್ನು ಒಟ್ಟಿಗೆ ತರಿಸಿ, ಫೆಬ್ರವರಿಯ ಮೊದಲ ಭಾನುವಾರ ತರಗತಿ ಆರಂಭಿಸುತ್ತೇವೆ.

ಟ್ರಸ್ಟಿನ ಧರ್ಮದರ್ಶಿಗಳು
ಚಿಕ್ಕಮಗಳೂರು